ಪಾರ್ಕಲ್ಲಿ ಆಟ ಆಡಂಗಿಲ್ಲ ಅಂತ ಬೋರ್ಡ್ ಬಿದ್ದೈತಿ, ಮಕ್ಳು ಎಲ್ಲಾಡ್ಬೇಕು? ನೀವೆಲ್ಲ ಎಲ್ಲಿ, ಏನಾಡ್ತಿದ್ರಿ?

ನಿಟ್ಟುವಳ್ಳಿ ಅಪ್ಪ
ಎಲ್ರಿಗೂ ನಮಸ್ಕಾರ. ನಮ್ಮ ಬಡಾವಣೆ ಪಾರ್ಕಲ್ಲಿ ಹೋದ ವಾರ ಹೊಸ ಬೋರ್ಡ್ ಹಾಕಿದಾರೆ. ಚೆಂಡಾಟ ನಿಷೇಧ, ಹುಲ್ಲಿನ ಮೇಲೆ ಓಡಬಾರದು, ಸಂಜೆ ಗೇಟು 5ರಿಂದ 7 ಮಾತ್ರ. ವಾಕಿಂಗ್ ಬರೋ ಹಿರಿಯರಿಗೆ ಚೆಂಡು ಬಡೀತು ಅಂತ ಕಂಪ್ಲೇಂಟ್ ಹೋಗಿತ್ತಂತೆ, ಅವರದ್ದೂ ತಪ್ಪು ಅನ್ನಲ್ಲ. ಆದ್ರೆ ನನ್ನ ಮಗನಿಗೆ 9 ವರ್ಷ, ರಸ್ತೆಗೆ ಬಿಟ್ರೆ ಗಾಡಿ, ಪಾರ್ಕಿಗೆ ಹೋದ್ರೆ ಬೋರ್ಡು, ಮನೇಲಿದ್ರೆ ಟಿವಿ.

ನಂಗೆ ಇದು ತಲೇಲಿ ಕೂತಿದ್ದು ಹೋದ ಬೇಸಿಗೇಲಿ. ಜಗಳೂರು ಕಡೆ ನಮ್ಮತ್ತೆ ಊರಿಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಹುಡುಗ್ರು ಚಿನ್ನಿದಾಂಡು ಆಡ್ತಿದ್ರು, ಇವನ್ನೂ ಸೇರಿಸ್ಕೊಂಡ್ರು. ಅರ್ಧ ಗಂಟೆ ಆಗಿತ್ತೋ ಇಲ್ವೋ ಅಳ್ತಾ ಓಡಿ ಬಂದ. "ಅಪ್ಪ ಅವ್ರು ಮೋಸ ಮಾಡ್ತಿದಾರೆ, ನೀನ್ ಬಂದ್ ಹೇಳು." ಏನಪ್ಪಾ ಅಂದ್ರೆ ಇವನ ಟೀಮಿನವನು ಹೊಡ್ದು ನೂರು ಕೇಳಿದಾನೆ, ಎದುರು ಟೀಮು ಎಂಬತ್ತೂ ಆಗಲ್ಲ ಅಂದಿದಾರೆ, ಗುಂಡಿ ತನಕ ದಾಂಡಲ್ಲಿ ಅಳೀವಾಗ ಒಬ್ಬ ದಾಂಡನ್ನ ಎತ್ತಿ ಎತ್ತಿ ಇಟ್ಟಿದಾನೆ. ನಾನು ಎದ್ದು ಹೋದೆ. ನಾನು ಹೋಗಿ ನಿಂತ ತಕ್ಷಣ ಆರೂ ಹುಡುಗ್ರು ಗಪ್ ಚುಪ್, ನನ್ ಮುಖ ನೋಡ್ತಾ ನಿಂತ್ರು, ಆಟಾನೇ ನಿಂತೋಯ್ತು. ನಂಗೆ ಏನನ್ನಿಸ್ತೋ, ಏನೂ ಹೇಳ್ದೆ ವಾಪಸ್ ಬಂದು ಕಟ್ಟೆ ಮೇಲೆ ಕೂತೆ. ಹತ್ತು ನಿಮಿಷ ಜೋರು ಜಗಳ ಕೇಳಿಸ್ತು, ಆಮೇಲೆ ಮತ್ತೆ ಟಕ್ ಅಂತ ಚಿನ್ನಿ ಸದ್ದು. ರಾತ್ರಿ ಊಟಕ್ಕೆ ಕೂತಾಗ ಮಗ ಹೇಳಿದ, ಮತ್ತೆ ಅಳೆದ್ವಿ, ತೊಂಬತ್ತಾರು ಬಂತು ಅಂತ. ಆ ತೊಂಬತ್ತಾರು ಅವನು ಹೇಳಿದ್ ರೀತಿ ಇನ್ನೂ ಕಣ್ಣಲ್ಲೈತಿ.

ದಾವಣಗೆರೇಲಿ ಅವನಿಗೆ ಅಂಥ ಜಗಳ ಆಡೋಕೆ ಜಾಗಾನೇ ಇಲ್ಲ. ನಾನು ತಪ್ಪು ಯೋಚ್ನೆ ಮಾಡ್ತಿದೀನಾ? ನೀವೇನ್ ಮಾಡ್ತಿದೀರಿ?

ಮಿಲ್ ಗೇಟ್
ಸರಿಯಾಗೇ ಯೋಚ್ನೆ ಮಾಡೀರಿ ಅಣ್ಣಾರೆ. ನಮ್ಮಪ್ಪ ಹತ್ತಿ ಮಿಲ್ಲಿನಾಗ ಇದ್ರು. ನಮಗ ಗಡಿಯಾರ ಅಂದ್ರ ಶಿಫ್ಟಿನ ಕೂಗು, ಕೂಗು ಆದ್ರ ಅಪ್ಪ ಬರ್ತಾನ, ಚೆಂಡು ಬಚ್ಚಿಡು ಅಂತ ಲೆಕ್ಕ. ಚೆಂಡು ಕೊಳ್ಳಾಕ ರೊಕ್ಕ ಎಲ್ಲಿಂದ ಬರ್ಬೇಕು? ವೇಸ್ಟ್ ಹತ್ತಿ ಉಂಡಿ ಮಾಡಿ ನೀರು ಹಚ್ಚಿ ಗಟ್ಟಿಯಾಗಿ ಹಿಂಡ್ತಿದ್ವಿ, ಮ್ಯಾಲೆ ಹಳೇ ಅರಿವಿ, ಅದರ ಮ್ಯಾಲೆ ನೂಲು ಸುತ್ತಿ ಸುತ್ತಿ ಸುತ್ತಿ, ಕಡೀಗೆ ಸೈಕಲ್ ಟ್ಯೂಬು ಕತ್ತರಿಸಿ ರಿಂಗ್ ಮಾಡಿ ಒಂದರ ಮ್ಯಾಲೊಂದು ಅಡ್ಡ ಉದ್ದ ಏರಿಸೋದು. ಟ್ಯೂಬಿನ ರಿಂಗು ತೆಳ್ಳಗೆ ಕತ್ತರಿಸಿದ್ರ ಹರಿತಿತ್ತು, ದಪ್ಪ ಆದ್ರ ಕೂರ್ತಿರ್ಲಿಲ್ಲ, ಕಿರುಬೆರಳಿನಗಲ ಸರಿ. ಒಂದ್ ಚೆಂಡಿಗೆ ಎರಡು ದಿನ ಬೇಕಿತ್ತು. ಮೂರನೇ ದಿನ ಯಾರದ್ದೋ ಮಾಳಿಗಿ ಮ್ಯಾಲೆ ಹೋಗಿ ಬೀಳ್ತಿತ್ತು.

ಹರಿಹರ ಬ್ರಿಡ್ಜ್
ಚಿನ್ನಿದಾಂಡು ಅಲ್ರೀ, ಚಿಣ್ಣಿಕೋಲು.

ದುರ್ಗದ ಗಾಳಿ
ನಮ್ ಕಡೆ ಗಿಲ್ಲಿದಾಂಡು ಅಂತಲೂ ಅಂತಾರೆ, ಅದಕ್ಕೆ ಯಾಕೆ ಜಗಳ ಬಿಡಿ ಅತ್ಲಾಗೆ

ಹರಿಹರ ಬ್ರಿಡ್ಜ್
ಜಗಳ ಆಡೋಕೆ ಜಾಗ ಬೇಕು ಅಂತ ತಾನೆ ಥ್ರೆಡ್ ಹಾಕಿರೋದು ಅವ್ರು

ವಾಕಿಂಗ್ ತಾತ
ಕಂಪ್ಲೇಂಟ್ ಕೊಟ್ಟವರಲ್ಲಿ ನಾನೂ ಒಬ್ಬ. ಮುಚ್ಚಿಡೋದೇನಿಲ್ಲ. ನನಗೆ 68, ಎಡಗಣ್ಣಿಗೆ ಪೊರೆ ಆಪರೇಷನ್ ಆಗಿ ಇಪ್ಪತ್ತು ದಿನ ಆಗಿತ್ತು, ಟೆನಿಸ್ ಚೆಂಡು ಬಂದು ಕನ್ನಡಕಕ್ಕೆ ಬಡಿದು ಗ್ಲಾಸು ಬಿರುಕು ಬಿಟ್ಟಿತು. ಹುಡುಗ ಹೆದರಿ ಓಡಿಹೋದ. ಓಡಿಹೋಗದೆ ಬಂದು "ತಾತ ಪೆಟ್ಟಾಯ್ತಾ" ಅಂದಿದ್ರೆ ನಾನು ಕಂಪ್ಲೇಂಟಿಗೆ ಸಹಿ ಹಾಕ್ತಿರಲಿಲ್ಲ ಅನ್ನಿಸುತ್ತೆ. ನಮಗೂ ನಡೆಯೋಕೆ ಬೇರೆ ಜಾಗ ಇಲ್ಲ ಸ್ವಾಮಿ, ಫುಟ್‌ಪಾತ್ ತುಂಬ ಅಂಗಡಿ ಸಾಮಾನು, ಬೈಕು.

ಎರಡು ಮಕ್ಕಳ ತಾಯಿ
ಅಂಕಲ್ ಹೇಳಿದ್ದು ನ್ಯಾಯ. ನಾನು ಇನ್ನೊಂದು ಹೇಳ್ತೀನಿ, ಯಾರೂ ಬೇಜಾರ್ ಮಾಡ್ಕೋಬೇಡಿ. ನಾವು ಹಂಗೆ ಬೆಳೆದ್ವಿ ಹಿಂಗೆ ಬೆಳೆದ್ವಿ ಅಂತ ಗಂಡಸರು ಸುಲಭವಾಗಿ ಹೇಳಿಬಿಡ್ತೀರಿ. ನಾನಿರೋದು ಮೇನ್ ರೋಡ್ ಪಕ್ಕ, ಬಾಗಿಲು ತೆಗೆದ್ರೆ ಟಿಪ್ಪರ್. ಬೀದಿಲಿ ನಾಯಿ ಎಂಟೋ ಒಂಬತ್ತೋ. ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಅದಕ್ಕೇ ಸೋಮವಾರ ಬುಧವಾರ ಅಬ್ಯಾಕಸ್, ಮಂಗಳವಾರ ಗುರುವಾರ ಕರಾಟೆ, ಶನಿವಾರ ಸ್ಕೇಟಿಂಗ್ ಹಾಕಿದೀನಿ. ಅದೂ ಆಟಾನೇ ಅಲ್ವಾ? ಕ್ಲಾಸಲ್ಲಾದ್ರೆ ಯಾರಾದ್ರೂ ನೋಡ್ಕೊಳೋರು ಇರ್ತಾರೆ.

ನಿಟ್ಟುವಳ್ಳಿ ಅಪ್ಪ
ಅಕ್ಕಾರೆ, ಕರಾಟೆ ಒಳ್ಳೇದೇ, ನನ್ ಮಗನೂ ಹೋಗ್ತಾನೆ. ಆದ್ರೆ ಅಲ್ಲಿ ಯಾವಾಗ ಶುರು, ಯಾವಾಗ ಮುಗೀತು, ಯಾರು ಗೆದ್ರು ಎಲ್ಲ ಮಾಸ್ಟರ್ರೇ ಹೇಳ್ತಾರೆ. ಮಕ್ಕಳಿಗೆ ತೀರ್ಮಾನ ಮಾಡೋಕೆ ಏನೂ ಉಳಿಯಲ್ಲ. ನನ್ ಸಂಕಟ ಅದು.

ದುರ್ಗದ ಗಾಳಿ
ನಮ್ದು ಚಿತ್ರದುರ್ಗ, ಕೋಟೆ ಬುಡದಲ್ಲೇ ಮನೆ. ನಮಗೆ ಪಾರ್ಕು ಗೀರ್ಕು ಗೊತ್ತಿಲ್ಲ, ಬಂಡೆನೇ ಎಲ್ಲ. ಸ್ಕೂಲು ಬಿಟ್ಟ ತಕ್ಷಣ ಬ್ಯಾಗ್ ಎಸೆದು ಜಾರುಬಂಡೆಗೆ ಓಟ. ನೂರಾರು ಹುಡುಗ್ರು ಜಾರಿ ಜಾರಿ ಬಂಡೆ ಮಧ್ಯೆ ಒಂದು ದಾರಿ ನುಣ್ಣಗೆ ಹೊಳೀತಿತ್ತು, ಅದರ ಎರಡೂ ಪಕ್ಕ ಒರಟು. ಕೂತು ಜಾರಿದ್ರೆ ಚಡ್ಡಿ ಹರಿಯುತ್ತೆ ಅಂತ ಕತ್ತಾಳೆ ಪಟ್ಟೆ, ಹುಣಸೆ ಕೊಂಬೆ, ಕೆಲವ್ರು ಅಡಿಕೆ ಹಾಳೆ ತರ್ತಿದ್ರು. ಮೊದಲ್ ದಿನ ಅರ್ಧದಿಂದ ಜಾರ್ತೀವಿ, ವಾರ ಆದ್ಮೇಲೆ ಮುಕ್ಕಾಲು, ತುದಿಗೆ ಹೋಗೋಕೆ ನಂಗೆ ಎರಡು ವರ್ಷ ಬೇಕಾಯ್ತು ಕಣ್ರಪ್ಪ. ಯಾರೂ ಹೇಳ್ಕೊಟ್ಟಿಲ್ಲ. ಮೈಗೆ ಗೊತ್ತಾಗೋದು, ಇವತ್ತು ಇಷ್ಟು ಸಾಕು ಅಂತ. ಆಷಾಢ ಬಂತು ಅಂದ್ರೆ ಗಾಳಿಪಟ, ನಮ್ಮೂರ್ ಗಾಳಿ ಕೇಳ್ಬೇಕಾ, ಜೋಗಿಮಟ್ಟಿ ಮೇಲೆ ವಿಂಡ್‌ಮಿಲ್ ಹಾಕಿರೋದೇ ಅದಕ್ಕೆ, ಪಟಕ್ಕೆ ಬಾಲ ಉದ್ದ ಕಟ್ಟದಿದ್ರೆ ತಿರುಗಿ ತಿರುಗಿ ನೆಲಕ್ಕೆ ಗುದ್ದೋದು.

ಈಗಿನ ಮಕ್ಕಳ ಪಾರ್ಕಲ್ಲಿರೋ ಪ್ಲಾಸ್ಟಿಕ್ ಜಾರುಬಂಡೆ ನೋಡಿ, ಎರಡೇ ಸಲ ಜಾರ್ತಾರೆ, ಬೋರ್ ಅಂತಾರೆ. ಅದರಲ್ಲಿ ಗೆಲ್ಲೋದೇನೈತೆ?

ಎರಡು ಮಕ್ಕಳ ತಾಯಿ
ಬಂಡೆಯಿಂದ ಬಿದ್ದು ಕೈ ಮುರ್ಕೊಂಡೋರು ಇಲ್ವಾ ನಿಮ್ಮೂರಲ್ಲಿ?

ದುರ್ಗದ ಗಾಳಿ
ಅವ್ರೆ ಅಕ್ಕ. ನಮ್ಮಣ್ಣನೇ. ಸುಳ್ಳು ಹೇಳಲ್ಲ.

ಭಟ್ಟಿ ಹುಡುಗ
ಎಲ್ರೂ ಚೆನ್ನಾಗಿ ಬರ್ದೀರಿ. ನಂದೂ ಒಂದ್ ಮಾತು ಕೇಳ್ರಿ. ನಾ ಹುಟ್ಟಿದ್ದು ಮಂಡಕ್ಕಿ ಭಟ್ಟಿ ಏರಿಯಾದಾಗ. ಆವಾಗ ಎಲ್ಲ ಮಕ್ಳೂ ಆಡ್ತಿದ್ರು ಅನ್ನೋ ಮಾತು ನಮಗ ಹೊಂದಂಗಿಲ್ಲ. ನಸುಕಿನಾಗ ನಾಲ್ಕಕ್ಕ ಎದ್ದು ಅವ್ವ ಅಪ್ಪನ ಜೋಡಿ ಹೋಗೋದು, ಅಕ್ಕಿಗೆ ಉಪ್ಪುನೀರು ಕಲಸಿ ಒಣಗ ಹಾಕೋದು, ಆಮ್ಯಾಲೆ ಬಿಸಿ ಮರಳಿನಾಗ ಅಪ್ಪ ಹುರಿದ್ರ ನಾವು ಜರಡಿ ಹಿಡಿಯೋದು, ಚೀಲ ತುಂಬೋದು. ಹೊಗಿ ಅಂದ್ರ ಹೊಗಿ, ಮೂಗಿನಾಗ ಬೆರಳು ಇಟ್ರ ಕರ್ರಗ ಬರ್ತಿತ್ತು. ಸಾಲಿಗೆ ಹೋದ್ರ ನಿದ್ದಿ. ನನಗೆ ಆಟ ಅಂದ್ರ ಭತ್ತದ ಹೊಟ್ಟಿನ ರಾಶಿ. ಲಾರಿ ಬಂದು ಹೊಟ್ಟು ಸುರಿದ ದಿನ, ಮಾಲಕರು ಬರೋದರೊಳಗ ರಾಶಿ ಮ್ಯಾಲಿಂದ ಜಿಗಿಯೋದು, ಸೊಂಟದ ತನಕ ಹೂತ್ಕೊಂಡು ಹೋಗ್ತಿದ್ವಿ, ಮೈಯೆಲ್ಲ ತುರಿಕಿ. ಹದಿನೈದು ನಿಮಿಷ ಸಿಗ್ತಿತ್ತೇನೋ. ನನ್ನ ಬಾಲ್ಯದಾಗ ಏನ್ ನೆಪ್ಪೈತಿ ಅಂತ ಯಾರಾರ ಕೇಳಿದ್ರ ಆ ಹದಿನೈದು ನಿಮಿಷಾನೇ ಮೊದ್ಲು ಬರ್ತಾವ, ಉಳಿದ ವರ್ಷಗಳು ಬರಂಗಿಲ್ಲ.

ಅದಕ್ಕ ನಾ ಹೇಳೋದು, ಆಟ ಅಂದ್ರ ಬರೀ ಜಾಗ ಅಲ್ರಿ, ಟೈಮು ಕೊಡ್ಬೇಕು. ನಮಗ ಕೂಲಿ ಕಿತ್ಕೊಂತು, ಇವ್ರಿಗೆ ಟ್ಯೂಷನ್ನು.

ಮಿಲ್ ಗೇಟ್
ತಮ್ಮಾ ಓದಿ ಮನಸು ಭಾರ ಆತು. ನಮ್ಮ ಓಣಿಯಿಂದ ಭಟ್ಟಿ ಹೊಗಿ ಕಾಣ್ತಿತ್ತು, ಅಲ್ಲಿ ನಮ್ಮ ವಯಸ್ಸಿನೋರು ದುಡೀತಾರ ಅಂತ ಆವಾಗ ಹೊಳೀಲೇ ಇಲ್ಲ.

ಬೆಣ್ಣೆ ಖಾಲಿ
ಮಂಡಕ್ಕಿ ಅಂದ್ಮೇಲೆ ಹೇಳ್ಬೇಕು, ಈಗ ಖಾರ ಮಂಡಕ್ಕಿ ಮಿರ್ಚಿ ಎಲ್ಲಿ ಚೆನ್ನಾಗೈತಿ? ಹಳೇ ಪೇಟೆ ಕಡೆ ಹೇಳ್ರಿ

ಹರಿಹರ ಬ್ರಿಡ್ಜ್
ಅದಕ್ಕೆ ಬೇರೆ ಥ್ರೆಡ್ ಐತಲ್ಲೋ ಮಾರಾಯ, ಇಲ್ಲಿ ಮಾತು ಬೇರೆ ನಡೀತೈತಿ

ಮೇಷ್ಟ್ರು (ಹೊಳಲ್ಕೆರೆ ತಾಲ್ಲೂಕು)
ಸರ್ಕಾರಿ ಶಾಲೆ ಶಿಕ್ಷಕ ನಾನು, ಇಪ್ಪತ್ತೆರಡು ವರ್ಷ ಆಯ್ತು. ಕಾನೂನಿನ ಮಾತು ಹೇಳ್ತೀನಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೊನೇಲಿ ಒಂದು ಅನುಸೂಚಿ ಇದೆ, ಅದರಲ್ಲಿ ಶಾಲೆಗೆ ಆಟದ ಮೈದಾನ ಇರ್ಬೇಕು, ತರಗತಿಗಳಿಗೆ ಆಟದ ಸಾಮಾನು ಕೊಡ್ಬೇಕು ಅಂತ ಬರೆದಿದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 31ನೇ ವಿಧಿಯಲ್ಲಿ ಆಟ, ವಿರಾಮ ಮಕ್ಕಳ ಹಕ್ಕು ಅಂತಿದೆ, 1992ರಲ್ಲಿ ಭಾರತವೂ ಒಪ್ಪಿದೆ. ಅಂದ್ರೆ ಆಡೋಕೆ ಬಿಡಿ ಅಂತ ಮಕ್ಕಳು ಬೇಡೋದಲ್ಲ, ಅವರಿಗೆ ಸಲ್ಲಬೇಕಾದ್ದು.

ಆದ್ರೆ ನಾನು ಓದಿದ ಶಾಲೇಲಿ ಪಿಟಿ ಪೀರಿಯಡ್ ಅಂದ್ರೆ ಗಣಿತದ ಮೇಷ್ಟ್ರಿಗೆ ಉಚಿತವಾಗಿ ಸಿಗೋ ಪೀರಿಯಡ್. ಪೋರ್ಷನ್ ಮುಗಿದಿಲ್ಲ, ಕೂರ್ರೋ ಅಂತ. ಕಿಟಕಿಯಾಚೆ ಬಿಸಿಲು, ಖಾಲಿ ಮೈದಾನ. ನಾನು ಮೇಷ್ಟ್ರಾದ ಮೇಲೆ ಒಂದೇ ಹಟ, ನನ್ನ ಗಣಿತಕ್ಕೆ ಪಿಟಿ ಪೀರಿಯಡ್ ತಗೊಂಡಿಲ್ಲ. ತಗೊಳ್ಳೋ ಅಗತ್ಯಾನೂ ಬಿದ್ದಿಲ್ಲ. ಅಳಗುಳಿಮಣೆ ತಂದಿಡ್ತೀನಿ, ಹದಿನಾಲ್ಕು ಮನೆ, ಮನೆಗೆ ಐದು ಹುಣಸೆಬೀಜ, ಒಟ್ಟು ಎಷ್ಟು ಅಂತ ನಾನು ಕೇಳೋ ಮುಂಚೆ ಮಕ್ಕಳೇ ಎಪ್ಪತ್ತು ಅಂತಾರೆ. ಯಾವ ಮನೆಯಿಂದ ಎತ್ತಿದ್ರೆ ಕೊನೇ ಬೀಜ ಎಲ್ಲಿ ಬೀಳುತ್ತೆ ಅಂತ ಕಣ್ಣಲ್ಲೇ ಎಣಿಸ್ತಾರಲ್ಲ, ಕೈ ಮುಟ್ಟಿಸಲ್ಲ, ಬರೀ ಕಣ್ಣು ಓಡುತ್ತೆ ಮನೆಯಿಂದ ಮನೆಗೆ, ಆಗ ಮಕ್ಕಳ ಮುಖ ನೋಡ್ಬೇಕು ನೀವು. ಸರ್ಕಾರಿ ಶಾಲೇಲಿ ಆಡ್ತಾ ಆಡ್ತಾ ಕಲಿಸೋ ನಮ್ಮ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೇಲಿ ಶುರುವಾದಾಗ ಅದರ ಜೀವ ಇದೇ ಆಗಿತ್ತು.

ಚೌಕಾಬಾರ ಅಜ್ಜಿ ಮೊಮ್ಮಗಳು
ಮೇಷ್ಟ್ರೇ ಚೌಕಾಬಾರ ಬಿಟ್ರಲ್ಲ! ಹುಣಸೆಬೀಜ ಒಂದು ಮಗ್ಗುಲು ಬಿಳಿ ಆಗೋ ತನಕ ಕಲ್ಲಿಗೆ ಉಜ್ಜಿ ಉಜ್ಜಿ, ಬೆರಳು ಬಿಸಿ ಆಗೋದು. ನಾಲ್ಕೂ ಬಿಳಿ ಬಿದ್ರೆ ಚೌಕ, ನಾಲ್ಕೂ ಕಪ್ಪು ಬಿದ್ರೆ ಬಾರ ಎಂಟು. ನಮ್ಮಜ್ಜಿ 80 ದಾಟಿದ್ರೂ ಕಾಯಿ ಕಡಿಯೋದ್ರಲ್ಲಿ ದಯೆ ದಾಕ್ಷಿಣ್ಯ ಇರ್ಲಿಲ್ಲ, ಮೊಮ್ಮಕ್ಕಳು ಅಂತ ಒಂದ್ ಸಲಾನೂ ಬಿಟ್ಟುಕೊಡ್ಲಿಲ್ಲ.

ಪಂಚಮಿ ಜೋಕಾಲಿ
ಇಷ್ಟೊತ್ತು ಓದ್ತಾ ಇದ್ದೆ. ಹುಡುಗ್ರು ಹುಡುಗ್ರು ಅಂತಾನೇ ಎಲ್ಲಾ ಕಡೆ ಬರ್ದಿದೀರಿ, ಗಮನಿಸಿದ್ರಾ? ನಾನು ಕುಂಟೆಬಿಲ್ಲೇಲಿ ನಮ್ ಓಣಿಗೇ ಫಸ್ಟು, ಹಂಚಿನ ಚೂರು ಎಸೆದ್ರೆ ಗೆರೆ ಮುಟ್ತಿರ್ಲಿಲ್ಲ. ಲಗೋರೀಲಿ ನನ್ನನ್ನ ಹುಡುಗ್ರೇ ಮೊದ್ಲು ಕರ್ಕೊಳ್ತಿದ್ರು ಟೀಮಿಗೆ. ಏಳನೇ ಕ್ಲಾಸು ಬೇಸಿಗೆ ರಜೇಲಿ ಒಂದಿನ ಅಮ್ಮ ಕರೆದು ನಾಳೆಯಿಂದ ಬೀದಿಗೆ ಹೋಗ್ಬೇಡ ಅಂದ್ರು. ಕಾರಣ ಹೇಳ್ಲಿಲ್ಲ. ನನಗೆ ಆಮೇಲೆ ಅರ್ಥ ಆಯ್ತು. ಸಂಜೆ ಅಕ್ಕಿ ಆರಿಸ್ತಾ ಕೂತಿದ್ರೆ ಹೊರಗೆ ನನ್ನ ಹಳೇ ಟೀಮು ಕೂಗೋದು ಕೇಳಿಸೋದು. ವರ್ಷಕ್ಕೊಂದ್ಸಲ ನಾಗರಪಂಚಮಿಗೆ ಮಾತ್ರ ಬಿಡೋರು, ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಅಮ್ಮ, ಅತ್ತೆ, ಚಿಕ್ಕಮ್ಮ ಎಲ್ಲ ಸೀರೆ ಕಚ್ಚೆ ಕಟ್ಕೊಂಡು ಜೀಕ್ತಿದ್ರು. ನಮ್ಮಮ್ಮ ಅಷ್ಟು ಎತ್ತರಕ್ಕೆ ಜೀಕ್ತಾರೆ ಅಂತ ನಂಗೆ ಗೊತ್ತಾಗಿದ್ದೇ ಆವತ್ತು. ಕೊಬ್ಬರಿ ಬಟ್ಟಲಿಗೆ ಎರಡು ತೂತು ಮಾಡಿ ದಾರ ಪೋಣಿಸಿ ಗಿರ್ರ್ ಅಂತ ತಿರುಗಿಸ್ತಿದ್ವಲ್ಲ, ಆ ಸದ್ದು ಇದೆ ಇನ್ನೂ ಕಿವೀಲಿ.

ಈಗ ನನ್ನ ಮಗಳಿಗೆ 11. ಈ ಪಾರ್ಕಿನ ಮಾತುಕತೆ ನಡೆದ್ರೆ ಹೆಣ್ಮಕ್ಕಳನ್ನೂ ಲೆಕ್ಕಕ್ಕೆ ತಗೊಳ್ಳಿ. ಕ್ರಿಕೆಟ್ ಅಂತ ಜಾಗ ಪೂರ್ತಿ ದೊಡ್ಡ ಹುಡುಗ್ರು ಹಿಡ್ಕೊಂಡ್ರೆ ಅವಳಿಗೆ ಮತ್ತೆ ಗೇಟಿನ ಹೊರಗೇ.

ನಿಟ್ಟುವಳ್ಳಿ ಅಪ್ಪ
ಒಪ್ಪಿದೆ ಅಕ್ಕ. ನಾನೂ ಹಂಗೆ ಯೋಚ್ನೆ ಮಾಡಿರ್ಲಿಲ್ಲ.

ಸೆಕೆಂಡ್ ಇಯರ್
ನಂಗೆ 19. ಎಲ್ಲರೂ ಮೊಬೈಲಿಗೆ ಬೈತಾರೆ ಅಂತ ಕಾಯ್ತಿದ್ದೆ, ಇನ್ನೂ ಯಾರೂ ಬೈದಿಲ್ಲ, ನಾನೇ ಹೇಳ್ತೀನಿ. 2020 ಲಾಕ್‌ಡೌನಲ್ಲಿ ನಮ್ಮ ಐದು ಜನರ ಗುಂಪು ಉಳಿದಿದ್ದೇ ಫೋನ್ ಗೇಮಿಂದ. ದಿನಾ ರಾತ್ರಿ ಒಟ್ಟಿಗೆ ಆಡ್ತಿದ್ವಿ, ಮಾತಾಡ್ತಿದ್ವಿ. ಒಬ್ಬನ ಅಪ್ಪ ಆಸ್ಪತ್ರೇಲಿದ್ದಾಗ ಅವ್ನು ಅತ್ತಿದ್ದು ಆ ಗೇಮ್ ಒಳಗೇ. ಅದು ಆಟ ಅಲ್ಲ ಅಂದ್ರೆ ನಾನು ಒಪ್ಪಲ್ಲ.

ಮಿಲ್ ಗೇಟ್
ಒಪ್ಪಿದೆ ತಮ್ಮಾ, ಗೆಳೆತನ ಅಲ್ಲೂ ಇರ್ತೈತಿ. ಆದ್ರ ಅಲ್ಲಿ ಔಟು ಅಂತ ಹೇಳೋದು ಫೋನೇ. ನೀ ಏನ್ ವಾದ ಮಾಡಿದ್ರೂ ಫೋನ್ ಕೇಳಂಗಿಲ್ಲ. ನಮ್ಮ ಓಣ್ಯಾಗ ಬಡ್ಕೊಂಡು ಬಡ್ಕೊಂಡು ಔಟನ್ನ ನಾಟೌಟ್ ಮಾಡಿಸ್ಕೊಂತಿದ್ವಿ.

ಸೆಕೆಂಡ್ ಇಯರ್
ಅದು ನಿಜ ಅಂಕಲ್. ವಾದ ಮಾಡಿದ್ರೆ ಗೇಮ್ ಬದಲಾಗಲ್ಲ.

ಕನ್ನಡಕ ಅಳತೆ
ಕಣ್ಣು ಪರೀಕ್ಷೆ ಮಾಡೋ ಕೆಲಸ ನಂದು, ದಾವಣಗೆರೇಲೇ. ಹತ್ತು ವರ್ಷದ ಹಿಂದೆ ಮೈನಸ್ ಪವರ್ ಅಂತ ಬರೋ ಮಕ್ಕಳು ಹೈಸ್ಕೂಲಿನವರು, ಈಗ ಒಂದನೇ ಕ್ಲಾಸಿನವರನ್ನೂ ಕರ್ಕೊಂಡು ಬರ್ತಾರೆ, ನಾನು ನನ್ನ ಕುರ್ಚಿಯಿಂದ ನೋಡಿದ್ದು ಹೇಳ್ತಿದೀನಿ. ಚೀನಾದ ಗುವಾಂಗ್‌ಝೌ ಊರಲ್ಲಿ 12 ಪ್ರೈಮರಿ ಸ್ಕೂಲು ತಗೊಂಡು ಒಂದು ಅಧ್ಯಯನ ಮಾಡಿದ್ರು, 2015ರಲ್ಲಿ ಪ್ರಕಟ ಆಯ್ತು. ಅರ್ಧ ಶಾಲೆಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಾ 40 ನಿಮಿಷ ಜಾಸ್ತಿ ಹೊರಗೆ ಬಿಟ್ರು, ಉಳಿದ ಕಡೆ ಎಂದಿನ ಹಂಗೆ. ಮೂರು ವರ್ಷ ಆದ್ಮೇಲೆ ಹೊರಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಜನಕ್ಕೆ ಹೊಸದಾಗಿ ದೂರದ್ದು ಮಂಜಾಗಿ ಕಾಣೋ ಮೈನಸ್ ಪವರ್ ಬಂದಿತ್ತು, ಉಳಿದವರಲ್ಲಿ ಹತ್ತಿರ ಹತ್ತಿರ 40. ಔಷಧಿ ಇಲ್ಲ, ಏನಿಲ್ಲ, ಬರೀ ಹೊರಗಿನ ಬೆಳಕು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರೋ ಚಟುವಟಿಕೆ ಬೇಕು ಅನ್ನುತ್ತೆ.

ಆದ್ರೆ ಚಿನ್ನಿದಾಂಡು ಬಗ್ಗೆ ಎಚ್ಚರಿಕೆ. ಚೂಪು ಚಿನ್ನಿ ಕಣ್ಣಿಗೆ ಬಿದ್ದು ಬಂದ ಮಕ್ಕಳನ್ನ ನೋಡಿದೀನಿ, ಒಬ್ಬನ ಕಣ್ಣು ಉಳೀಲಿಲ್ಲ. ಪಾರ್ಕಿನಂಥ ಸಣ್ಣ ಜಾಗಕ್ಕೆ ಅದು ಬೇಡ್ವೇ ಬೇಡ.

ಹರಿಹರ ಬ್ರಿಡ್ಜ್
ಚಿಣ್ಣಿಕೋಲು ಬಯಲಾಟ, ಪಾರ್ಕಿಗಲ್ಲ, ಇದನ್ನ ಒಪ್ತೀನಿ.

ಒಂದು ಕಾಲು
ಬರೀಬೇಕೋ ಬೇಡ್ವೋ ಅಂತಿದ್ದೆ. ನನಗೆ ಎರಡನೇ ವಯಸ್ಸಲ್ಲಿ ಪೋಲಿಯೋ ಆಗಿ ಬಲಗಾಲು ಸೊರಗಿದೆ. ಚಳ್ಳಕೆರೆ ಹತ್ರ ಹಳ್ಳಿ. ಶಾಲೇಲಿ ಪಿಟಿ ಅಂದ್ರೆ ನನಗೆ ಬ್ಯಾಗ್ ಕಾಯೋ ಕೆಲಸ, ನೀನು ಇಲ್ಲೇ ಕೂತ್ಕೋ ಪುಟ್ಟ ಅಂತ ಪ್ರೀತಿಯಿಂದಾನೇ ಹೇಳೋರು. ಆದ್ರೆ ಕೇರಿ ಹುಡುಗ್ರು ಬೇರೆ. ಮೊದ್ಲು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸ್ಕೊಂಡ್ರು. ನಾನು ಲಗೋರಿ ಕಲ್ಲಿಗೆ ಗುರಿ ಇಟ್ಟು ಮೂರು ಸಲಾನೂ ಹೊಡೆದೆ. ಆವತ್ತೇ ಅಲ್ಲೇ ರೂಲು ಬದಲು: ಇವನು ಹೊಡೀತಾನೆ, ಇವನ ಬದ್ಲು ಇನ್ನೊಬ್ಬ ಓಡ್ತಾನೆ, ಇವನಿಗೆ ಚೆಂಡು ಬಡಿದ್ರೆ ಔಟಲ್ಲ, ಓಡೋನಿಗೆ ಬಡಿದ್ರೆ ಇಬ್ರೂ ಔಟು. ಎದುರು ಟೀಮು ಒಪ್ಪಲಿಲ್ಲ, ಹಂಗಾದ್ರೆ ನಮಗೂ ಒಬ್ಬ ಜಾಸ್ತಿ ಕೊಡಿ ಅಂದ್ರು, ಅದೂ ಆಯ್ತು. ಹತ್ತು ಹತ್ತು ವರ್ಷದ ಹುಡುಗ್ರು ಅಷ್ಟೆಲ್ಲ ಯೋಚ್ನೆ ಮಾಡಿದ್ರು, ನನ್ನ ಮೇಲೆ ಕನಿಕರಕ್ಕಲ್ಲ, ನಾನಿದ್ರೆ ಗೆಲ್ತಾರೆ ಅಂತ. ನನ್ನ ಜೀವನದಲ್ಲಿ ಮೊದಲ ಸಲ ಲೆಕ್ಕಕ್ಕೆ ಬಂದಿದ್ದು ಅಲ್ಲಿ.

ಎರಡು ಮಕ್ಕಳ ತಾಯಿ
ಇದನ್ನ ಎರಡು ಸಲ ಓದಿದೆ ಸರ್. ಸ್ಕೇಟಿಂಗ್ ಕ್ಲಾಸಲ್ಲಿ ಇದು ಆಗ್ತಿರ್ಲಿಲ್ಲ, ಒಪ್ಕೋತೀನಿ.

ವಾಕಿಂಗ್ ತಾತ
ನಾನು ಒಂದು ಸಲಹೆ ಕೊಡ್ತೀನಿ. 5ರಿಂದ 6 ಪಶ್ಚಿಮದ ಮೂಲೆ ಮಕ್ಕಳಿಗೆ, ನಾವು 6ರ ನಂತರ ನಡೀತೀವಿ, ಹೇಗೂ ಬೇಸಿಗೇಲಿ 5ಕ್ಕೆ ಬಿಸಿಲು ಜಾಸ್ತಿ. ವಾಕಿಂಗ್ ಗೆಳೆಯರನ್ನ ನಾನು ಒಪ್ಪಿಸ್ತೀನಿ, ಪಾಲಿಕೆಗೆ ಹಿರಿಯರ ಸಹಿಯೇ ಹಾಕಿ ಅರ್ಜಿ ಕೊಡೋಣ, ಬೋರ್ಡಿಗೆ ನಾವೇ ಕಾರಣ ಆದ್ಮೇಲೆ ತೆಗೆಸೋದೂ ನಮ್ಮ ಜವಾಬ್ದಾರಿ. ಆದ್ರೆ ಟೆನಿಸ್ ಚೆಂಡು ಬೇಡ.

ಮಿಲ್ ಗೇಟ್
ಯಜಮಾನ್ರೇ, ಅರಿವಿ ಚೆಂಡು ನಾ ಮಾಡಿ ತರ್ತೀನಿ, ಟ್ಯೂಬು ಹಾಕಂಗಿಲ್ಲ, ಬರೀ ಹತ್ತಿ, ಅರಿವಿ, ನೂಲು. ಬಡಿದ್ರೂ ನೋಯಂಗಿಲ್ಲ. ಲಗೋರಿ ಆಡ್ಲಿ. ಹೆಣ್ಮಕ್ಕಳೂ ಬರ್ತಾವು.

ಪಂಚಮಿ ಜೋಕಾಲಿ
ಬರ್ತಾಳೆ ನನ್ ಮಗಳು. ನಾನೂ ಬಂದು ಒಂದ್ ಸಲ ಗುರಿ ಇಡ್ತೀನಿ, ಯಾರೂ ಬೇಡ ಅನ್ಬೇಡಿ.

ಮೇಷ್ಟ್ರು (ಹೊಳಲ್ಕೆರೆ ತಾಲ್ಲೂಕು)
ಒಂದೇ ಮನವಿ, ದೊಡ್ಡವರು ಅಂಪೈರ್ ಆಗ್ಬೇಡಿ. ಬೆಂಚ್ ಮೇಲೆ ಕೂತು ನಿಮ್ಮ ಮಾತು ನೀವಾಡ್ತಿರಿ. ರಕ್ತ ಬಂದ್ರೆ ಮಾತ್ರ ಏಳಿ.

ನಿಟ್ಟುವಳ್ಳಿ ಅಪ್ಪ
ಭಾನುವಾರದ ಸುದ್ದಿ ಹೇಳ್ತೀನಿ, ತುಂಬ ಜನ ಕೇಳಿದ್ರಿ. ಪಾಲಿಕೆ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ, ಬೋರ್ಡ್ ಅಲ್ಲೇ ಐತಿ. ಆದ್ರೆ ತಾತನವರು ತಾವೇ ನಿಂತು ಗೇಟಿನವನಿಗೆ ಹೇಳಿದ್ರು. ಹನ್ನೊಂದು ಮಕ್ಕಳು ಬಂದ್ರು, ನಾಲ್ಕು ಹೆಣ್ಮಕ್ಕಳು. ಮೊದಲ ಕಾಲು ಗಂಟೆ ಸುಮ್ನೆ ನಿಂತಿದ್ರು, ಒಬ್ಬರ ಮುಖ ಒಬ್ಬರು ನೋಡ್ತಾ, ಯಾರಾದ್ರೂ ಶುರು ಮಾಡಿಸ್ಲಿ ಅಂತ. ನಂಗೆ ಎದ್ದು ಹೋಗಿ ಹೇಳ್ಕೊಡೋಣ ಅಂತ ಕೈಕಾಲು ತುರಿಸ್ತಿತ್ತು, ಮೇಷ್ಟ್ರ ಮಾತು ನೆನಪಾಗಿ ಕೂತೆ. ಕೊನೆಗೆ ಆ 11 ವರ್ಷದ ಹುಡುಗಿ ಬಂದು ಏಳು ಕಲ್ಲು ಆರಿಸ್ಕೊಂಡು ಹೋದ್ಳು. ದೊಡ್ಡದು ಕೆಳಗೆ ಇಡ್ಬೇಕು ಅಂತ ಗೊತ್ತಿಲ್ದೆ ಮೂರು ಸಲ ಬೀಳಿಸಿ ಆಮೇಲೆ ತಾವೇ ಕಂಡ್ಕೊಂಡ್ರು.

ವಾಕಿಂಗ್ ತಾತ
ಚೆಂಡು ನನಗೆ ಎರಡು ಸಲ ಬಡೀತು, ಬೆನ್ನಿಗೊಂದು, ಭುಜಕ್ಕೊಂದು. ನೋವೇನಿಲ್ಲ. ಎರಡನೇ ಸಲ ಒಬ್ಬ ಹುಡುಗ ಓಡಿ ಬಂದು "ತಾತ ಪೆಟ್ಟಾಯ್ತಾ" ಅಂದ, ಇಲ್ಲಪ್ಪ ಅಂದೆ, "ಹಂಗಾದ್ರೆ ಚೆಂಡು ಕೊಡಿ ಬೇಗ" ಅಂದ. ನಾನು ಏಳೂವರೆಗೆ ಮನೆಗೆ ಹೊರಟಾಗ ಗೇಟಿನವನು ಬೀಗ ಹಿಡ್ಕೊಂಡು ನಿಂತಿದ್ದ, ಏಳನೇ ಕಲ್ಲು ಬೀಳೋ ಮುಂಚೆ ನಿಂತಿತ್ತೋ ಇಲ್ವೋ ಅಂತ ಇನ್ನೂ ಜಗಳ ನಡೀತಾ ಇತ್ತು.